ಕೇಳುವವರು ಊರೆಲ್ಲ, ಓದುವವರು ಯಾರು?

ಇಂಗ್ಲೆಂಡಿನಲ್ಲಿ ಮೀಡಿಯಾ ಸ್ಟಡೀಸ್ ಓದುವ ಹದಿನಾರು ಹದಿನೇಳರ ಮಕ್ಕಳಿಗೆ ಒಂದಷ್ಟು ವರ್ಷ ವಿಚಿತ್ರವಾದ ಪರೀಕ್ಷೆಯೊಂದಿತ್ತು. ಉತ್ತರ ಪತ್ರಿಕೆ ಬರೆಯುವುದಲ್ಲ, ಪತ್ರಿಕೆಯನ್ನೇ ಮಾಡುವುದು. ಅದೂ ಹೊಚ್ಚ ಹೊಸ ಸಂಗೀತ ಪತ್ರಿಕೆ. ಒಂದು ಮುಖಪುಟ, ಒಂದು ಪರಿವಿಡಿ, ಎದುರುಬದುರು ಎರಡು ಪುಟ ತುಂಬುವ ಒಂದು ಲೇಖನ. ಚಿತ್ರಗಳನ್ನು ತಾವೇ ತೆಗೆದಿರಬೇಕು. ಚಿತ್ರದ್ದೇನೂ ಕಷ್ಟವಲ್ಲ. ಯಾರದೋ ಗಿಟಾರು ಕಡ ತಂದು, ಅದನ್ನು ಹಿಡಿಯಲೂ ಬಾರದ ಗೆಳೆಯನ ಕೊರಳಿಗೆ ನೇತುಹಾಕಿ, ಶಾಲೆಯ ಹಿಂದಿನ ಇಟ್ಟಿಗೆ ಗೋಡೆಗೆ ಒರಗಿಸಿ, ನಗಬೇಡ ಎಂದು ಗದರಿದರೆ ಸಾಕು, ರಾಕ್ ತಾರೆ ಸಿದ್ಧ. ಕಷ್ಟವಿದ್ದದ್ದು ಅದಕ್ಕೂ ಮೊದಲು. ಈ ಪತ್ರಿಕೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು ಎಂಬುದನ್ನು ಮೇಷ್ಟ್ರಿಗೆ ಹೇಳಬೇಕಿತ್ತು.

ಮಕ್ಕಳು ಒಂದು ಹಾಳೆಯ ಮೇಲೆ ಆ ಓದುಗನನ್ನು ಹುಟ್ಟಿಸುತ್ತಿದ್ದರು. ಅವನಿಗೊಂದು ಹೆಸರು. ವಯಸ್ಸು ಹದಿನೇಳು. ಶನಿವಾರ ಅಂಗಡಿಯೊಂದರಲ್ಲಿ ಅರೆಕಾಲಿಕ ಕೆಲಸ. ಕ್ಯಾನ್ವಾಸ್ ಶೂ, ಇಂಥ ಕಂಪನಿಯ ಫೋನು, ಇಂಥ ವಾದ್ಯಗೋಷ್ಠಿಯ ಮೇಲೆ ಪ್ರಾಣ, ಇಂಥದರ ಮೇಲೆ ತಿರಸ್ಕಾರ. ಗೋತ್ರ ನಕ್ಷತ್ರಗಳನ್ನು ಬಿಟ್ಟರೆ ನಮ್ಮ ವಧೂವರರ ಜಾಹೀರಾತಿಗೆ ಏನೇನೂ ಕಡಿಮೆಯಿಲ್ಲ. ಹಾಳೆಯ ಮೇಲೆ ಹುಟ್ಟಿದ ಈ ಕಾಲ್ಪನಿಕ ವ್ಯಕ್ತಿ ಸಾಮಾನ್ಯವಾಗಿ ಅವನನ್ನು ಹುಟ್ಟಿಸಿದ ಹುಡುಗನ ಹಾಗೆಯೇ ಇರುತ್ತಿದ್ದ. ಅದೇ ಕೂದಲು, ಅದೇ ಶೂ.

ಇದಕ್ಕೆ ನಗುವ ಹಾಗಿಲ್ಲ. ದೊಡ್ಡವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 1920ರ ದಶಕದ ಆರಂಭದಲ್ಲಿ ಕಾಂಪ್ಟನ್ ಮೆಕೆಂಜಿ ಎಂಬ ಕಾದಂಬರಿಕಾರನ ಮನೆಗೆ ಗ್ರಾಮಫೋನ್ ಬಂತು. ಪೆಟ್ಟಿಗೆಯೇನೋ ಬಂತು, ಅದರ ಮೇಲೆ ಯಾವ ಪ್ಲೇಟು ಹಾಕಬೇಕು? ಒಂದೇ ಕೃತಿಯನ್ನು ನಾಲ್ಕು ಜನ ನುಡಿಸಿದ್ದರೆ ಯಾರದು ವಾಸಿ? ಅಂಗಡಿಯವನನ್ನು ಕೇಳಿದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾನೆ, ಅದು ಅವನ ಧರ್ಮ. ಹೇಳುವವರು ಬೇರೆ ಯಾರೂ ಇಲ್ಲವೆಂದು ಮೆಕೆಂಜಿ 1923ರಲ್ಲಿ ತಾನೇ ‘ಗ್ರಾಮಫೋನ್’ ಎಂಬ ಮಾಸಿಕ ತೆಗೆದ. ಆ ಪತ್ರಿಕೆಯ ಮೊದಲ ಓದುಗ ಅದರ ಸಂಪಾದಕನೇ. ತನ್ನಂಥ ಫಜೀತಿಯಲ್ಲಿರುವವರು ಊರಲ್ಲಿ ಇನ್ನಷ್ಟು ಜನ ಇದ್ದೇ ಇರುತ್ತಾರೆಂದು ಅವನ ಅಂದಾಜು. ಪತ್ರಿಕೆಗೆ ನೂರು ವರ್ಷ ದಾಟಿತು, ಇನ್ನೂ ಬರುತ್ತಿದೆ.

ಜಾಹೀರಾತಿನವರು ಇಂಥ ಅಂದಾಜನ್ನು ಒಪ್ಪುವುದಿಲ್ಲ, ಅವರಿಗೆ ಕೋಷ್ಟಕ ಬೇಕು. ಬ್ರಿಟನ್ನಿನಲ್ಲಿ ಎ, ಬಿ, ಸಿ1, ಸಿ2, ಡಿ, ಇ ಎಂದು ಮನೆಯ ಮುಖ್ಯ ಸಂಪಾದನೆಯವರ ಉದ್ಯೋಗ ನೋಡಿ ಇಡೀ ದೇಶವನ್ನು ಆರು ಡಬ್ಬಿಗಳಿಗೆ ತುಂಬಿದ್ದಾರೆ. ನಮ್ಮಲ್ಲಿ 2011ರಲ್ಲಿ ಬಂದ ಲೆಕ್ಕ ಇನ್ನೂ ಸೊಗಸು. ಮನೆಯ ಮುಖ್ಯ ಸಂಪಾದನೆಯವರು ಎಷ್ಟು ಓದಿದ್ದಾರೆ ಎಂಬುದೊಂದು. ಹನ್ನೊಂದು ಬಾಬತ್ತುಗಳ ಪಟ್ಟಿಯಲ್ಲಿ ಮನೆಯಲ್ಲಿ ಎಷ್ಟಿವೆ ಎಂಬುದು ಇನ್ನೊಂದು. ವಿದ್ಯುತ್ ಸಂಪರ್ಕ, ಫ್ಯಾನು, ಗ್ಯಾಸಿನ ಒಲೆ, ದ್ವಿಚಕ್ರ ವಾಹನ, ಕಲರ್ ಟೀವಿ, ಫ್ರಿಜ್ಜು, ವಾಷಿಂಗ್ ಮೆಷಿನ್ನು, ಕಂಪ್ಯೂಟರು, ಕಾರು, ಏಸಿ, ಬೇಸಾಯದ ಜಮೀನು. ಜಮೀನನ್ನು ಸೇರಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ನಮಸ್ಕಾರ. ಆದರೆ ಹನ್ನೊಂದರಲ್ಲಿ ಶ್ರುತಿಪೆಟ್ಟಿಗೆ ಇಲ್ಲ, ಹಾರ್ಮೋನಿಯಂ ಇಲ್ಲ, ರೇಡಿಯೊ ಕೂಡ ಇಲ್ಲ. ಸೋಪು ಮಾರುವವನಿಗೆ ಈ ಪಟ್ಟಿ ಸಾಕು. ಸಂಗೀತ ಪತ್ರಿಕೆ ಮಾರುವವನು ಇದನ್ನು ಹಿಡಿದುಕೊಂಡು ಹೊರಟರೆ, ಏಸಿ ಇರುವ ಮನೆಯ ಬಾಗಿಲು ತಟ್ಟಿ, ತಂಬೂರಿ ಇರುವ ಮನೆಯ ಮುಂದೆ ಸುಮ್ಮನೆ ಹಾದುಹೋಗುತ್ತಾನೆ.

ತೊಡಕಿರುವುದು ಇಲ್ಲೇ. ಸಂಗೀತ ಕೇಳದವರು ಯಾರಿದ್ದಾರೆ? ಆಟೋದಲ್ಲಿ ಹಾಡು, ಕಲ್ಯಾಣಮಂಟಪದಲ್ಲಿ ಹಾಡು, ಗಣಪತಿ ಪೆಂಡಾಲಿನಲ್ಲಂತೂ ಬೇಡವೆಂದರೂ ಹಾಡು. ಕೇಳುವವರೆಲ್ಲ ಓದುಗರಾಗುವುದಿದ್ದರೆ ಸಂಗೀತ ಪತ್ರಿಕೆಗಳ ಒಡೆಯರು ಸಿಮೆಂಟ್ ಕಾರ್ಖಾನೆ ಇಟ್ಟವರಂತೆ ಬಾಳಬೇಕಿತ್ತು. ಬಹುಪಾಲು ಜನಕ್ಕೆ ಹಾಡು ಮುಗಿದರೆ ಮುಗಿಯಿತು. ಕೆಲವರಿಗೆ ಮಾತ್ರ ಹಾಡು ಮುಗಿದ ಮೇಲೂ ಏನೋ ಸಾಲದು. ಸಾಹಿತ್ಯ ಸರಿಯಾಗಿ ಕೇಳಿಸಲಿಲ್ಲ, ರಾಗ ಯಾವುದೋ ತಿಳಿಯಲಿಲ್ಲ, ಹಿನ್ನೆಲೆಯಲ್ಲಿ ಕೊಳಲು ನುಡಿಸಿದವರು ಯಾರೋ, ಇದೇ ಗಾಯಕನದು ಇನ್ನೊಂದು ಪ್ಲೇಟು ಕೊಂಡರೆ ದುಡ್ಡು ದಂಡವೋ ಅಲ್ಲವೋ. ಸಂಗೀತ ಪತ್ರಿಕೆಯ ಗಿರಾಕಿ ಈ ‘ಸಾಲದು’ ಎನ್ನುವವನು. ಯಾರಿಗೆ ಏನು ಸಾಲದು ಎಂಬುದನ್ನು ಹಿಡಿದ ಪತ್ರಿಕೆಗಳು ಓಡಿವೆ. ಗಿರಾಕಿಯ ವಯಸ್ಸು, ಸಂಬಳ, ಶೂಗಳನ್ನು ಕೋಷ್ಟಕದವರು ಆಮೇಲೆ ಬಂದು ಬರೆದುಕೊಂಡು ಹೋಗಿದ್ದಾರೆ.

ನಮ್ಮ ಟೂರಿಂಗ್ ಟಾಕೀಸುಗಳ ಮುಂದೆ ಹಾಡಿನ ಪುಸ್ತಕ ಮಾರುತ್ತಿದ್ದವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪುಸ್ತಕವೆಂದರೆ ಎಂಟೋ ಹನ್ನೆರಡೋ ಪುಟ. ಗುಲಾಬಿಯೋ ಹಳದಿಯೋ ಬಣ್ಣದ ಅಗ್ಗದ ಕಾಗದ, ನಡುವೆ ಒಂದು ಪಿನ್ನು, ಬೆವರಿನ ಕೈಯಲ್ಲಿ ಹಿಡಿದರೆ ಬೆರಳಿಗೆ ಅಂಟುವ ಮಸಿ. ಮೊದಲ ಪುಟದಲ್ಲಿ ತಾರಾಗಣ, ಆಮೇಲೆ ಅರ್ಧ ಕಥೆ. ನಾಯಕಿಗೆ ಗಂಡಾಂತರ ಬಂದ ಕಡೆ ಕಥೆ ಥಟ್ಟನೆ ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕೆಂಬ ವಿನಂತಿ. ಆಮೇಲೆ ಹಾಡುಗಳು, ಅಚ್ಚಿನ ತಪ್ಪುಗಳ ಸಮೇತ. ನೆಲದ ಟಿಕೆಟ್ಟಿನವನೂ ಕುರ್ಚಿಯವನೂ ಅದನ್ನು ಕೊಳ್ಳುತ್ತಿದ್ದರು. ಓದು ಬಾರದವರು ಓದು ಬಲ್ಲ ಮಗಳಿಗಾಗಿ ಕೊಳ್ಳುತ್ತಿದ್ದರು. ಆಕೆ ಒಲೆಯ ಮುಂದೆ ಪುಸ್ತಕ ಬಿಡಿಸಿಕೊಂಡು ಹಾಡಿದರೆ ಮನೆಮಂದಿಯೆಲ್ಲ ಇನ್ನೊಮ್ಮೆ ಸಿನಿಮಾ ನೋಡಿದಂತೆ. ಆ ಮಾರಾಟಗಾರನ ಲಕ್ಷ್ಯವೆಲ್ಲ ಒಂದೇ ಕಡೆ. ಧಾಟಿ ತಲೆಯಲ್ಲಿ ಸುತ್ತುತ್ತಿದೆ, ಮಾತು ನೆನಪಿಗೆ ಬರುತ್ತಿಲ್ಲ ಎಂಬ ಮುಖ ಹೊತ್ತು ಆಟ ಬಿಟ್ಟ ಮೇಲೆ ಹೊರಗೆ ಬರುವವರ ಕಡೆ.

ಇದೇ ಮುಖವನ್ನು ಗುರುತಿಸಿ ಬ್ರಿಟನ್ನಿನಲ್ಲಿ ದುಡ್ಡು ಮಾಡಿದವನು ನಿಕ್ ಲೋಗನ್. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಭಾರೀ ಬುದ್ಧಿವಂತರ ವಾರಪತ್ರಿಕೆಗೆ, ಅಂದರೆ ಎಲ್ಲರ ಬಾಯಲ್ಲೂ ಎನ್ಎಂಇ ಆಗಿದ್ದುದಕ್ಕೆ, ಅವನು ಸಂಪಾದಕನಾಗಿದ್ದ. ಅಲ್ಲಿ ಒಂದು ರಾಕ್ ತಟ್ಟೆಯ ವಿಮರ್ಶೆ ಬರೆಯಬೇಕಾದರೂ ತತ್ತ್ವಶಾಸ್ತ್ರ ಬೇಕಾಗುತ್ತಿತ್ತು. ಅದನ್ನು ಬಿಟ್ಟು ಬಂದು 1978ರಲ್ಲಿ ಅವನು ತೆಗೆದದ್ದು ‘ಸ್ಮ್ಯಾಶ್ ಹಿಟ್ಸ್’. ನುಣುಪು ಕಾಗದ, ಕಣ್ಣು ಕುಕ್ಕುವ ಬಣ್ಣ, ಗೋಡೆಗೆ ಅಂಟಿಸಲು ತಾರೆಯರ ಚಿತ್ರ, ಮತ್ತು ಮುಖ್ಯವಾಗಿ, ಆ ಹದಿನೈದು ದಿನ ರೇಡಿಯೊದಲ್ಲಿ ಬರುತ್ತಿದ್ದ ಹಾಡುಗಳ ಪೂರ್ತಿ ಸಾಹಿತ್ಯ. ಮೊದಮೊದಲು ಅವನು ಸಂಪಾದಕನ ಜಾಗದಲ್ಲಿ ತನ್ನ ಹೆಸರು ಹಾಕಿಕೊಳ್ಳದೆ ‘ಕ್ರಿಸ್ ಹಾಲ್’ ಎಂಬ ಸುಳ್ಳು ಹೆಸರಿಟ್ಟುಕೊಂಡಿದ್ದ. ಘನಪಂಡಿತರೊಬ್ಬರು ಮಕ್ಕಳ ಬಾಯಿಪಾಠದ ಪುಸ್ತಕ ಬರೆದು ಬೇರೆ ಹೆಸರಲ್ಲಿ ಅಚ್ಚು ಹಾಕಿಸಿದ ಹಾಗೆ. 1980ರ ದಶಕದ ಕೊನೆಗೆ ಅದರ ಒಂದು ಸಂಚಿಕೆಯ ಮಾರಾಟ ಹತ್ತು ಲಕ್ಷ ದಾಟಿತು. ಎನ್ಎಂಇ ತನ್ನ ಉಚ್ಛ್ರಾಯದ ದಿನಗಳಲ್ಲಿ, 1964ರಲ್ಲಿ, ಮೂರು ಲಕ್ಷದ ಆಸುಪಾಸಿಗೆ ಬಂದಿದ್ದೇ ದೊಡ್ಡದು.

ಹುಡುಗಿಯರ ಪತ್ರಿಕೆ ಎಂದು ‘ಸ್ಮ್ಯಾಶ್ ಹಿಟ್ಸ್’ ಅನ್ನು ಮೂಗು ಮುರಿದು ಪಕ್ಕಕ್ಕಿಟ್ಟವರು ಒಂದನ್ನು ಗಮನಿಸಲಿಲ್ಲ. ಹನ್ನೆರಡರ ಹುಡುಗಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ‘ಸ್ಮ್ಯಾಶ್ ಹಿಟ್ಸ್’ ತಾರೆಯರನ್ನು ಆರಾಧಿಸುತ್ತಲೇ ಅವರ ಕಾಲೆಳೆಯುತ್ತಿತ್ತು, ನಿಮ್ಮ ಕಾಲುಚೀಲದ ಬಣ್ಣ ಯಾವುದು ಎಂಬ ಧಾಟಿಯ ಪ್ರಶ್ನೆ ಕೇಳುತ್ತಿತ್ತು. 1987ರಲ್ಲಿ ಟಾಮ್ ಹಿಬರ್ಟ್ ಎಂಬ ಬರಹಗಾರ ಇದೇ ಪತ್ರಿಕೆಗಾಗಿ ಹೋಗಿ ಕೂತು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಸಂದರ್ಶನ ಮಾಡಿ ಬಂದ. ಅದರ ಸಹಾಯಕ ಸಂಪಾದಕನಾಗಿದ್ದ ನೀಲ್ ಟೆನೆಂಟ್ 1985ರಲ್ಲಿ ಕೆಲಸ ಬಿಟ್ಟು ಹಾಡುಗಾರನೇ ಆದ. ಮರುವರ್ಷದ ಜನವರಿಯಲ್ಲಿ ಅವನ ‘ಪೆಟ್ ಶಾಪ್ ಬಾಯ್ಸ್’ ಜೋಡಿಯ ಹಾಡು ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಓದುಗರಿಗೆ ಏನು ಬೇಕೆಂದು ಅವನಷ್ಟು ಹತ್ತಿರದಿಂದ ನೋಡಿದ ಹಾಡುಗಾರ ಇನ್ನೊಬ್ಬ ಇರಲಾರ.

ಆ ಎನ್ಎಂಇಯ ಹುಟ್ಟಿನ ಕಥೆಯೂ ಚೆನ್ನಾಗಿದೆ. ಅದರ ಹಿಂದಿನ ಜನ್ಮದ ಹೆಸರು ‘ಮ್ಯೂಸಿಕಲ್ ಎಕ್ಸ್‌ಪ್ರೆಸ್ ಆ್ಯಂಡ್ ಅಕಾರ್ಡಿಯನ್ ವೀಕ್ಲಿ’. ಅಕಾರ್ಡಿಯನ್ ನುಡಿಸುವವರಿಗಾಗಿ ವಾರಪತ್ರಿಕೆ! ನಮ್ಮಲ್ಲಿ ಯಾರಾದರೂ ‘ಹಾರ್ಮೋನಿಯಂ ವಾರಪತ್ರಿಕೆ’ ತೆಗೆದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಬೇಕು. ಮುಖಪುಟದಲ್ಲಿ ತಿದಿ, ಒಳಗೆ ರೀಡು ರಿಪೇರಿಯ ಅಂಕಣ, ಕೊನೆಯ ಪುಟದಲ್ಲಿ ಮಾರಾಟಕ್ಕಿರುವ ಹಳೆಯ ಪೆಟ್ಟಿಗೆಗಳು. ಗುರಿ ಇದಕ್ಕಿಂತ ನಿಖರವಾಗಿರಲು ಸಾಧ್ಯವಿಲ್ಲ, ಆದರೆ ಗುರಿಯಲ್ಲಿ ಜನ ಸಾಕಷ್ಟಿರಲಿಲ್ಲ. ಪತ್ರಿಕೆ ಮುಚ್ಚಲು ಹದಿನೈದು ನಿಮಿಷ ಇದ್ದಾಗ ಮಾರಿಸ್ ಕಿನ್ ಎಂಬ ಸಂಗೀತ ಕಛೇರಿಗಳ ವ್ಯವಸ್ಥಾಪಕ ಸಾವಿರ ಪೌಂಡು ಕೊಟ್ಟು ಅದನ್ನು ಕೊಂಡುಕೊಂಡ ಎಂಬುದು ಆ ಪತ್ರಿಕೆಯ ಪುರಾಣ. 1952ರ ಮಾರ್ಚ್‌ನಲ್ಲಿ ಅಕಾರ್ಡಿಯನ್ ಕೈಬಿಟ್ಟು, ಹೊಸ ಹೆಸರಿಟ್ಟು ಹೊರಟ.

ನುಡಿಸುವವರನ್ನು ಬಿಟ್ಟು ಕೊಳ್ಳುವವರ ಕಡೆ ತಿರುಗಿದ್ದೇ ಅವನ ಜಾಣತನ. ಅದೇ ವರ್ಷ ನವೆಂಬರ್ 14ರ ಸಂಚಿಕೆಯಲ್ಲಿ ಒಂದು ಪಟ್ಟಿ ಬಂತು. ಪತ್ರಿಕೆಯ ಜಾಹೀರಾತು ನೋಡಿಕೊಳ್ಳುತ್ತಿದ್ದ ಪರ್ಸಿ ಡಿಕಿನ್ಸ್ ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನು ಮಾಡಿ, ಈ ವಾರ ಯಾವ ಪ್ಲೇಟು ಹೆಚ್ಚು ಹೋಯಿತು ಎಂದು ಕೇಳಿ ಬರೆದುಕೊಂಡದ್ದು. ಹನ್ನೆರಡರ ಪಟ್ಟಿ ಎಂದು ಹೆಸರು, ಸಮಸಮ ಬಂದವನ್ನೂ ಸೇರಿಸಿ ಒಳಗಿದ್ದದ್ದು ಹದಿನೈದು ಹಾಡು. ಬ್ರಿಟನ್ನಿನ ಮೊದಲ ಮಾರಾಟದ ಪಟ್ಟಿ ಎಂದು ಇವತ್ತಿಗೂ ಲೆಕ್ಕ ಶುರುವಾಗುವುದು ಆ ಇಪ್ಪತ್ತು ಫೋನುಗಳಿಂದಲೇ. ನನಗಿಷ್ಟವಾದದ್ದು ಊರಿಗೆಲ್ಲ ಇಷ್ಟವೇ, ಎಷ್ಟನೆಯದು, ಹೋದ ವಾರಕ್ಕಿಂತ ಮೇಲೆ ಹೋಯಿತೇ? ಇದೂ ಒಂದು ಬಗೆಯ ‘ಸಾಲದು’. ಚುನಾವಣೆಯ ಎಣಿಕೆಯ ದಿನ ಹೋಟೆಲಿನ ರೇಡಿಯೊ ಮುಂದೆ ನಿಲ್ಲುತ್ತಿದ್ದವರಿಗೆ ಈ ರುಚಿ ವಿವರಿಸಬೇಕಾಗಿಲ್ಲ.

ಸೋಜಿಗವೆಂದರೆ ನಮ್ಮ ಕಡೆ ಅದೇ 1952ರ ಡಿಸೆಂಬರಿನಲ್ಲಿ ಸಿಲೋನ್ ರೇಡಿಯೊದಿಂದ ಅಮೀನ್ ಸಯಾನಿ ಅವರ ‘ಬಿನಾಕಾ ಗೀತಮಾಲಾ’ ಎಂಬ ಚಿತ್ರಗೀತೆಗಳ ಕಾರ್ಯಕ್ರಮ ಹೊರಟಿತು. ಆಕಾಶವಾಣಿ ಚಿತ್ರಗೀತೆಗಳಿಗೆ ಬಾಗಿಲು ಹಾಕಿಕೊಂಡಿದ್ದ ಕಾಲ ಅದು. ಶ್ರೋತೃಗಳ ಪತ್ರಗಳು ಮೂಟೆಗಟ್ಟಲೆ ಬರತೊಡಗಿದವು. ಅವುಗಳಲ್ಲಿ ಝುಮ್ರಿ ತಲೈಯಾ ಎಂಬ ಊರಿನ ಹೆಸರು ಮತ್ತೆ ಮತ್ತೆ ಬಂದು, ಅಂಥದೊಂದು ಊರು ನಿಜವಾಗಿ ಇದೆಯೋ ಅಥವಾ ಯಾರೋ ಹುಟ್ಟಿಸಿದ್ದೋ ಎಂದು ದೇಶದ ಅರ್ಧ ಜನಕ್ಕೆ ಅನುಮಾನ. ಇದೆ, ಇಂದಿನ ಜಾರ್ಖಂಡಿನಲ್ಲಿ, ಅಭ್ರಕದ ಗಣಿಗಳ ನಡುವೆ. ಅಲ್ಲಿನ ಹವ್ಯಾಸಿಗಳಿಗೆ ಕೋರಿಕೆ ಪತ್ರ ಬರೆಯುವುದೇ ಒಂದು ಪಂದ್ಯವಾಗಿತ್ತು. ಹಾಡಿಗಿಂತ ಹಾಡಿನ ಮುಂಚೆ ತಮ್ಮ ಹೆಸರು ಕೇಳುವುದರಲ್ಲಿ ಅವರಿಗೆ ಸುಖ. ಓದುಗರ ಪತ್ರಗಳನ್ನು ನೋಡಿ ಓದುಗರನ್ನು ಅಳೆಯುವ ಸಂಪಾದಕ ಈ ಊರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಪತ್ರ ಬರೆಯುವವರು ಬರೆಯುತ್ತಲೇ ಇರುತ್ತಾರೆ, ಚಂದಾ ಕಟ್ಟಿ ಸುಮ್ಮನಿರುವವನು ಸುಮ್ಮನೇ ಇರುತ್ತಾನೆ.

ಸುಮ್ಮನಿದ್ದವನೊಬ್ಬನನ್ನು ಪತ್ತೆ ಹಚ್ಚಿದ ಕಥೆ ‘ಕ್ಯೂ’ ಪತ್ರಿಕೆಯದು. 1980ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಗಳೆಲ್ಲ ಎಳೆಯರ ಹಿಂದೆ ಬಿದ್ದಿದ್ದವು. ಮೂವತ್ತು ದಾಟಿದವನು, ಬೀಟಲ್ಸ್ ಕೇಳಿ ಬೆಳೆದವನು, ಈಗ ಮನೆ ಸಾಲ, ಮಗು, ಟೈ ಎಲ್ಲ ಇರುವವನು ಯಾರ ಲೆಕ್ಕದಲ್ಲೂ ಇರಲಿಲ್ಲ. ಅವನು ಸಂಗೀತ ಬಿಟ್ಟಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಅವನು ಬಿಟ್ಟದ್ದು ಪತ್ರಿಕೆಗಳನ್ನು ಮಾತ್ರ. ಅಷ್ಟರಲ್ಲಿ ಸೀಡಿ ಬಂತು. 1983ರಲ್ಲಿ ಅಂಗಡಿಗೆ ಬಂದಾಗ ಶ್ರೀಮಂತರ ಆಟಿಕೆಯಂತಿದ್ದದ್ದು, 1985ರಲ್ಲಿ ಡೈರ್ ಸ್ಟ್ರೇಟ್ಸ್‌ನವರ ‘ಬ್ರದರ್ಸ್ ಇನ್ ಆರ್ಮ್ಸ್’ ಬಂದ ಮೇಲೆ ಮನೆಮನೆಯ ವಸ್ತುವಾಗತೊಡಗಿತು. ಆ ಒಂದು ಆಲ್ಬಮ್ಮಿನ ಸೀಡಿಗಳೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಮೂವತ್ತೈದರ ಮನುಷ್ಯ ತನ್ನ ಅಟ್ಟದ ಮೇಲಿನ ಹಳೆಯ ತಟ್ಟೆಗಳನ್ನೆಲ್ಲ ಇನ್ನೊಮ್ಮೆ, ಹೊಸ ರೂಪದಲ್ಲಿ, ಹೆಚ್ಚು ಬೆಲೆಗೆ ಕೊಳ್ಳಲು ಹೊರಟ. ಯಾವುದನ್ನು ಮೊದಲು ಕೊಳ್ಳಲಿ? ಮೆಕೆಂಜಿಯ ಪ್ರಶ್ನೆಯೇ, ಅರುವತ್ತು ವರ್ಷ ಕಳೆದು ಮತ್ತೆ ಬಾಗಿಲಿಗೆ ಬಂದಿತ್ತು.

ಮಾರ್ಕ್ ಎಲೆನ್, ಡೇವಿಡ್ ಹೆಪ್‌ವರ್ತ್ ಎಂಬ ಇಬ್ಬರು, ಹಿಂದೆ ‘ಸ್ಮ್ಯಾಶ್ ಹಿಟ್ಸ್’ ಸಂಪಾದಕರಾಗಿದ್ದವರೇ, 1986ರ ಅಕ್ಟೋಬರಿನಲ್ಲಿ ಈ ಮನುಷ್ಯನಿಗಾಗಿ ದಪ್ಪನೆಯ ಮಾಸಿಕವೊಂದನ್ನು ತಂದರು. ಮುಖಪುಟದಲ್ಲಿ ಪಾಲ್ ಮೆಕಾರ್ಟ್ನಿ. ಒಳಗೆ ಪುಟಗಟ್ಟಲೆ ವಿಮರ್ಶೆ, ಹೊಸದಕ್ಕೂ ನಕ್ಷತ್ರ, ಮರುಮುದ್ರಣವಾದ ಹಳೆಯದಕ್ಕೂ ನಕ್ಷತ್ರ. ಹೆಸರನ್ನು ಮೊದಲು ‘ಸಿ ಯು ಇ’ ಕ್ಯೂ ಎಂದಿಡುವುದೆಂದಿತ್ತು, ತಟ್ಟೆಯ ಮೇಲೆ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ಇಡುವುದಕ್ಕೆ ಅಲ್ಲಿನವರು ಬಳಸುವ ಮಾತು. ಆದರೆ ಹಿಂದಿನ ವರ್ಷವಷ್ಟೇ ಸ್ನೂಕರ್ ವಿಶ್ವ ಫೈನಲ್ಲನ್ನು ನಡುರಾತ್ರಿ ದಾಟಿದರೂ ಒಂದು ಕೋಟಿ ಎಂಬತ್ತೈದು ಲಕ್ಷ ಜನ ಟೀವಿಯಲ್ಲಿ ನೋಡಿದ್ದರು. ಸ್ನೂಕರ್ ಕೋಲಿನ ಪತ್ರಿಕೆ ಎಂದುಕೊಂಡು ಯಾರಾದರೂ ಕೊಂಡಾರು ಎಂದು ಒಂಟಿ ಅಕ್ಷರ ಉಳಿಸಿಕೊಂಡರು. ತಪ್ಪು ಗಿರಾಕಿ ಬಂದಾನು ಎಂಬ ಭಯದಿಂದ ಹೆಸರು ಬದಲಿಸಿದ ಪತ್ರಿಕೆಗಳು ಹೆಚ್ಚಿರಲಾರವು.

ಇದೇ ಹೆಪ್‌ವರ್ತ್ ಮುಂದೆ 2003ರ ಸುಮಾರಿಗೆ ‘ವರ್ಡ್’ ಎಂಬ ಇನ್ನೊಂದು ಪತ್ರಿಕೆ ತೆಗೆದ ಹೊತ್ತಿಗೆ ತನ್ನ ಓದುಗನಿಗೊಂದು ಅಡ್ಡಹೆಸರಿಟ್ಟ: ಐವತ್ತು ಪೌಂಡಿನ ಆಸಾಮಿ. ಶುಕ್ರವಾರ ಅಂಗಡಿಗೆ ನುಗ್ಗಿ ಎರಡು ಸೀಡಿ, ಒಂದು ಡೀವೀಡಿ, ಒಂದು ಪುಸ್ತಕ ಎತ್ತಿಕೊಂಡು ಐವತ್ತು ಪೌಂಡು ಕಳೆದು ಹೊರಬರುವವನು. ಇಡೀ ಕೋಷ್ಟಕ ಒಂದೇ ಮಾತಿನಲ್ಲಿ ಮುಗಿಯಿತು. ವಯಸ್ಸು ಹೇಳಲಿಲ್ಲ, ವರ್ಗ ಹೇಳಲಿಲ್ಲ, ಆದರೂ ಆಸಾಮಿ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಚೀಲದಲ್ಲಿರುವುದನ್ನು ಮನೆಯಲ್ಲಿ ಹೇಗೆ ಒಳಗೆ ಸಾಗಿಸುವುದು ಎಂದು ಯೋಚಿಸುತ್ತ ಬರುವುದೂ ಕಾಣುತ್ತದೆ. ಗಾಂಧಿ ಬಜಾರಿನಲ್ಲಿ ಪುಸ್ತಕ ಕೊಂಡು, ಇದು ಹೋದ ವರ್ಷದ್ದೇ ಎಂದು ಹೆಂಡತಿಗೆ ಹೇಳುವವರಿಗೆ ಅವನು ಸ್ವಂತ ಅಣ್ಣ.

ಅಮೆರಿಕದಲ್ಲಿ ಲೆಕ್ಕ ಬೇರೆ. ‘ರೋಲಿಂಗ್ ಸ್ಟೋನ್’ 1967ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹೊರಟಾಗ ಯಾನ್ ವೆನ್ನರನಿಗೆ ವಯಸ್ಸು ಇಪ್ಪತ್ತೊಂದು, ಬಂಡವಾಳ ಬಂಧುಮಿತ್ರರಿಂದ ಕೂಡಿಸಿದ ಏಳೂವರೆ ಸಾವಿರ ಡಾಲರ್. ತನ್ನ ಓದುಗ ಯಾರೆಂದು ಅವನು ಒಂದು ಉಚಿತ ಕೊಡುಗೆಯಲ್ಲೇ ಸೂಚಿಸಿದ. ಚಂದಾದಾರರಾದವರಿಗೆ ಒಂದು ಪುಟ್ಟ ಚಿಮಟ, ಗಾಂಜಾ ಸುತ್ತಿದ ಸಿಗರೇಟು ತುದಿಗೆ ಬಂದಾಗ ಬೆರಳು ಸುಡದಂತೆ ಹಿಡಿಯಲು. ನಮ್ಮಲ್ಲಿ ಚಂದಾದಾರರಿಗೆ ಸ್ಟೀಲ್ ಡಬ್ಬಿ ಕೊಡುವ ಪದ್ಧತಿಯೊಂದಿಗೆ ಹೋಲಿಸಿದರೆ ಇದು ಬಹಳ ಮುಂದುವರಿದ ಸಂಶೋಧನೆ. ಹದಿನೆಂಟು ವರ್ಷ ಕಳೆಯಿತು. ಚಿಮಟ ಪಡೆದವರು ಕೆಲಸಕ್ಕೆ ಸೇರಿ, ಕಾರು ಕೊಂಡು, ಷೇರು ಪೇಟೆಯ ಪುಟ ಓದತೊಡಗಿದರು. ಆದರೆ ಕಾರಿನ ಕಂಪನಿಗಳಿಗೆ ಮಾತ್ರ ‘ರೋಲಿಂಗ್ ಸ್ಟೋನ್’ ಎಂದರೆ ಇನ್ನೂ ಗಡ್ಡದ ಹಿಪ್ಪಿಯೇ. 1985ರಲ್ಲಿ ಪತ್ರಿಕೆ ಒಂದು ಜಾಹೀರಾತು ಸರಣಿ ಮಾಡಿಸಿತು. ಎಡಗಡೆ ಹಿಪ್ಪಿಯ ಚಿತ್ರ, ಕೆಳಗೆ ‘ಭಾವನೆ’ ಎಂಬರ್ಥದ ಒಂದು ಪದ. ಬಲಗಡೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟ ತರುಣ, ಕೆಳಗೆ ‘ವಾಸ್ತವ’. ಅಷ್ಟೇ. ಓದುಗರನ್ನು ಪತ್ರಿಕೆಗೆ ಕರೆಯಲು ಮಾಡಿದ ಜಾಹೀರಾತಲ್ಲ ಇದು, ಓದುಗರನ್ನು ಕಂಪನಿಗಳಿಗೆ ತೋರಿಸಲು ಮಾಡಿದ್ದು. ಹೆಣ್ಣು ನೋಡಲು ಬಂದವರ ಮುಂದೆ, ಹುಡುಗಿ ಮೊದಲಿನ ಹಾಗಿಲ್ಲ, ಈಗ ಬಹಳ ತಿದ್ದಿಕೊಂಡಿದ್ದಾಳೆ ಎಂದಂತೆ. ಜಾಹೀರಾತಿನ ಆದಾಯವೇನೋ ಏರಿತು. ಆದರೂ ಈ ಭಾವನೆ–ವಾಸ್ತವಗಳ ಜೋಡಿಯಲ್ಲಿ ಸಂಗೀತಕ್ಕೆ ಏನು ಕೆಲಸ ಉಳಿಯಿತು ಎಂಬುದು ಕೇಳಬಹುದಾದ ಪ್ರಶ್ನೆ.

‘ಕೆರಾಂಗ್’ನದು ಇಷ್ಟು ಸುತ್ತುಬಳಸಲ್ಲ. 1981ರಲ್ಲಿ ಹೊರಟ ಆ ಪತ್ರಿಕೆಯ ಹೆಸರು ವಿದ್ಯುತ್ ಗಿಟಾರನ್ನು ಜೋರಾಗಿ ಬಾರಿಸಿದಾಗ ಬರುವ ಸದ್ದು. ಆ ಸದ್ದು ಕೇಳಿ ಮುಖ ಕಿವುಚಿದವನು ಗಿರಾಕಿಯಲ್ಲ.

ನಮ್ಮ ದೇಶದಲ್ಲಿ ಇವುಗಳಲ್ಲಿ ಬಹುಪಾಲಿಗೆ ಮೊದಲೇ ಹಾಥರಸಿನಲ್ಲಿ ಒಬ್ಬರು ಕೂತಿದ್ದರು. ಹಾಸ್ಯಕವಿ ಎಂದು ಆಮೇಲೆ ಹೆಸರಾದ ಕಾಕಾ ಹಾಥರಸಿ. ಅವರು 1935ರಲ್ಲಿ ‘ಸಂಗೀತ’ ಎಂಬ ಹಿಂದಿ ಮಾಸಿಕ ಆರಂಭಿಸಿದರು. ಗುರುವಿನ ಮನೆಯಲ್ಲಿ ಹತ್ತು ವರ್ಷ ನೀರು ಹೊತ್ತು ಕಲಿಯಲು ಸಾಧ್ಯವಿಲ್ಲದ ಗುಮಾಸ್ತ, ಶಾಲೆಯ ಮಾಸ್ತರ, ಮನೆಯ ಹೆಣ್ಣುಮಗಳು ಸ್ವರಲಿಪಿ ಎದುರಿಗಿಟ್ಟುಕೊಂಡು ಹಾರ್ಮೋನಿಯಂ ಮೇಲೆ ಬೆರಳಾಡಿಸಲಿ ಎಂಬುದು ಅದರ ಹಂಚಿಕೆ. 1983ರಲ್ಲಿ ಚೆನ್ನೈಯಲ್ಲಿ ಎನ್. ಪಟ್ಟಾಭಿರಾಮನ್ ‘ಶ್ರುತಿ’ ಎಂಬ ಇಂಗ್ಲಿಷ್ ಮಾಸಿಕ ತೆಗೆದಾಗ ಎದುರಿಗಿದ್ದವನು ಬೇರೆ ಮನುಷ್ಯ. ಅವನಿಗೆ ಹಾಡಲು ಬರಬೇಕಿಲ್ಲ. ಆದರೆ ಕಛೇರಿ ಬಿಟ್ಟಿಲ್ಲ, ವಿದ್ವಾಂಸರ ಬದುಕು, ಬಾನಿ, ಜಗಳ ಎಲ್ಲ ತಿಳಿಯಬೇಕು, ಮತ್ತು ಅದನ್ನು ಹೊಗಳಿಕೆಯ ಸಕ್ಕರೆಯಿಲ್ಲದೆ ತಿಳಿಯಬೇಕು. ಹತ್ತು ವರ್ಷದ ನಂತರ, 1993ರಲ್ಲಿ, ಅಲಹಾಬಾದಿನಿಂದ ಅಮಿತ್ ಸೈಗಲ್ ‘ರಾಕ್ ಸ್ಟ್ರೀಟ್ ಜರ್ನಲ್’ ತಂದರು. ಗಂಗಾ ಯಮುನೆಗಳ ಸಂಗಮದ ಊರಲ್ಲಿ ಹೆವಿ ಮೆಟಲ್! ಕಾಲೇಜಿನ ಹುಡುಗರು ಅಲ್ಲಲ್ಲಿ ಕಟ್ಟಿಕೊಂಡಿದ್ದ ಬ್ಯಾಂಡುಗಳಿಗೆ ಬೇರೆ ಊರಿನಲ್ಲೂ ತಮ್ಮಂಥ ಹುಚ್ಚರಿದ್ದಾರೆ ಎಂದು ತಿಳಿದದ್ದೇ ಅದರಿಂದ.

ಇನ್ನು ಕನ್ನಡದಲ್ಲಿ ಹೊಸದೊಂದು ಸಂಗೀತ ಪತ್ರಿಕೆ ತೆಗೆಯುವ ಹುಮ್ಮಸ್ಸಿನವರು ಓದುಗರನ್ನು ಹುಡುಕಲು ಎಲ್ಲಿಗೆ ಹೋಗಬೇಕು? ಏಪ್ರಿಲ್ ಹೊತ್ತಿಗೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ, 1939ರಲ್ಲಿ ಹುಟ್ಟಿದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಛೇರಿಗಳ ಚಪ್ಪರದಲ್ಲಿ, ಹಿಂದಿನ ಸಾಲಿನಲ್ಲಿ ಒಂದು ಸಂಜೆ ಕೂತರೆ ಒಳ್ಳೆಯದು. ಮುಂದೆ ಕೂತವರಲ್ಲಿ ಕೆಲವರು ತೊಡೆಯ ಮೇಲೆ ತಾಳ ಹಾಕುತ್ತಾರೆ, ಕೆಲವರದು ಸರಿಯಾಗಿಯೇ ಇರುತ್ತದೆ. ಗಾಯಕರು ಆಲಾಪನೆಯ ಎರಡನೆಯ ಉಸಿರು ತೆಗೆಯುವುದರೊಳಗೆ ಒಬ್ಬರು ಪಕ್ಕದವರ ಕಿವಿಗೆ ಬಾಗುತ್ತಾರೆ. ‘ಶ್ರೀರಂಜನಿ ಅಲ್ವಾ ರಾಯರೇ?’ ‘ಆಭೋಗಿ ಸ್ವಾಮಿ.’ ‘ನಿಷಾದ ಕೇಳಿಸ್ತಲ್ಲ?’ ‘ಬರಲಿ, ನೋಡೋಣ.’ ಇಬ್ಬರೂ ಕಾಯುತ್ತಾರೆ. ನಿಷಾದ ಬಂದೇ ಬಿಟ್ಟರೆ ಮೊದಲಿನವರ ಬೆನ್ನು ನೆಟ್ಟಗಾಗುತ್ತದೆ. ಇನ್ನೊಬ್ಬರು ಕೈಯಗಲದ ನೋಟುಬುಕ್ಕಿನಲ್ಲಿ ಕೃತಿ, ರಾಗ, ತಾಳ ಗುರುತು ಹಾಕಿಕೊಳ್ಳುತ್ತಿರುತ್ತಾರೆ, ಮೂವತ್ತು ವರ್ಷದ ಅಂಥ ನೋಟುಬುಕ್ಕುಗಳು ಮನೆಯಲ್ಲಿ ಪೇರಿಸಿಕೊಂಡಿರುತ್ತವೆ. ತನಿಯಾವರ್ತನ ಶುರುವಾದೊಡನೆ ಕಾಫಿಗೆ ಏಳುವವರ ಒಂದು ಪಡೆ ಇದೆ. ಹೊರಗೆ ರಸ್ತೆಯಲ್ಲಿ, ಟಿಕೆಟ್ ಕೊಳ್ಳದೆ, ಸ್ಕೂಟರಿನ ಮೇಲೆ ಕೂತು ಕೊನೆಯ ಮಂಗಳದವರೆಗೂ ಕೇಳುವವನೊಬ್ಬ ಇರುತ್ತಾನೆ.

ಇವರಲ್ಲಿ ಯಾರು ಪತ್ರಿಕೆ ಕೊಳ್ಳುತ್ತಾರೆ? ಹನ್ನೊಂದು ಬಾಬತ್ತಿನ ಪಟ್ಟಿಯ ಪ್ರಕಾರ ಮೊದಲ ಸಾಲಿನ ಸೋಫಾದವರು. ಅವರ ಮನೆಗೆ ಪತ್ರಿಕೆ ಬಂದರೆ ಲಕೋಟೆ ಬಿಚ್ಚದೆ ಟೀಪಾಯಿಯ ಮೇಲಿರುತ್ತದೆ. ನೋಟುಬುಕ್ಕಿನವರು ಖಂಡಿತ ಕೊಳ್ಳುತ್ತಾರೆ, ಮೊದಲ ಸಂಚಿಕೆಯಲ್ಲೇ ನಾಲ್ಕು ತಪ್ಪು ಹುಡುಕಿ ಕಾರ್ಡು ಹಾಕುತ್ತಾರೆ. ನಿಷಾದಕ್ಕಾಗಿ ಕಾದವರಿಬ್ಬರೂ ಕೊಳ್ಳುತ್ತಾರೆ, ಅಥವಾ ಒಬ್ಬರು ಕೊಂಡು ಇಬ್ಬರು ಓದುತ್ತಾರೆ. ಕನ್ನಡದಲ್ಲಿ ಚಂದಾದಾರರಿಗಿಂತ ಓದುಗರು ಹೆಚ್ಚಿರುವುದು ಇದರಿಂದಲೇ. ಸ್ಕೂಟರಿನವನ ಬಗ್ಗೆ ಮಾತ್ರ ಏನೂ ಹೇಳಲಾಗದು. ಗೆಲ್ಲಬೇಕಾದವನು ಅವನೇ ಎಂದು ಕಾಣುತ್ತದೆ.

ಭಾವಗೀತೆಯವರ ದಾರಿ ಮತ್ತೂ ಬೇರೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಬಂದ ಮೇಲೆ ಕವಿತೆ ಅಡುಗೆಮನೆಯವರೆಗೂ ಹೋಯಿತು. ಸಿನಿಮಾ ಹಾಡು ಕೇಳುವವರು ಹಾಡಿನಿಂದ ಪುಸ್ತಕಕ್ಕೆ ಬಂದರೆ, ಇಲ್ಲಿ ಪುಸ್ತಕ ಮೊದಲೇ ಇತ್ತು. ಕ್ಯಾಸೆಟ್ಟಿನ ಚೀಟಿಯಲ್ಲಿ ಇಲ್ಲದ ಚರಣ ಸಂಕಲನದಲ್ಲಿದೆ ಎಂದು ಪತ್ತೆಹಚ್ಚುವವರು ಇವರು. ಇಂಥವರೂ ಆ ನಿಷಾದದವರೂ ಒಂದೇ ಪತ್ರಿಕೆಯಲ್ಲಿ ಸುಖವಾಗಿ ಸಂಸಾರ ಮಾಡುತ್ತಾರೆಯೇ ಎಂಬುದು ಅನುಮಾನ. ಎಲ್ಲರಿಗಾಗಿ ತೆಗೆದ ಪತ್ರಿಕೆ ತಿಂಗಳ ಕೊನೆಗೆ ಏಜೆಂಟರಿಂದ ಹಾಗೇ ವಾಪಸು ಬರುತ್ತದೆ ಎಂದು ರದ್ದಿ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ.

ಈಗ ಇವರೆಲ್ಲರ ಜೇಬಿನಲ್ಲಿ ಫೋನಿದೆ. ಸಾಹಿತ್ಯ ಬೇಕೆ, ಹಾಡು ನುಡಿಯುತ್ತಿದ್ದಂತೆ ಸಾಲು ಸಾಲಾಗಿ ಮೂಡುತ್ತದೆ. ಯಾವ ಹಾಡೆಂದು ತಿಳಿಯಲಿಲ್ಲವೆ, ಕೇಳಿಸಿದರೆ ಹೇಳುತ್ತದೆ. ಯಾವುದು ಕೊಳ್ಳಲಿ ಎಂಬ ಪ್ರಶ್ನೆಯೇ ಹೋಯಿತು, ಕೊಳ್ಳುವುದೇ ಇಲ್ಲವಲ್ಲ. ಒಂದೊಂದು ‘ಸಾಲದು’ ತೀರಿದಂತೆ ಒಂದೊಂದು ಪತ್ರಿಕೆ ಮುಚ್ಚಿತು. 2000ದ ಕೊನೆಗೆ ‘ಮೆಲೊಡಿ ಮೇಕರ್’, 2006ರಲ್ಲಿ ‘ಸ್ಮ್ಯಾಶ್ ಹಿಟ್ಸ್’, 114 ಸಂಚಿಕೆಗಳ ನಂತರ 2012ರಲ್ಲಿ ‘ವರ್ಡ್’, ಕೋವಿಡ್ ವರ್ಷದಲ್ಲಿ ‘ಕ್ಯೂ’. ಎನ್ಎಂಇ 2015ರಲ್ಲಿ ಪುಕ್ಕಟೆ ಹಂಚಿ ನೋಡಿತು. ರೈಲು ನಿಲ್ದಾಣದಲ್ಲಿ ಕೈಗೆ ತುರುಕಿದ ಪತ್ರಿಕೆಗೆ ಮೂರು ಲಕ್ಷ ಪ್ರತಿಗಳ ಪ್ರಸಾರ ಬಂತು, 2018ರಲ್ಲಿ ಅಚ್ಚು ನಿಂತಿತು. ಹಾಡಿನ ಪುಸ್ತಕಕ್ಕೆ ನಾಲ್ಕಾಣೆ ಎಣಿಸಿ ಕೊಟ್ಟವನು ಅದನ್ನು ಮಡಿಸಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಪುಕ್ಕಟೆ ಪತ್ರಿಕೆ ಮುಂದಿನ ನಿಲ್ದಾಣದಲ್ಲಿ ಸೀಟಿನ ಮೇಲೆ ಉಳಿಯುತ್ತಿತ್ತು. ಐದು ವರ್ಷ ಬಿಟ್ಟು 2023ರಲ್ಲಿ ಅದೇ ಎನ್ಎಂಇ ಎರಡು ತಿಂಗಳಿಗೊಮ್ಮೆ, ಕೆಲವೇ ಪ್ರತಿಗಳಲ್ಲಿ, ಸಂಗ್ರಹಿಸಿಡುವವರಿಗೆಂದು ಮತ್ತೆ ಅಚ್ಚಾಗತೊಡಗಿತು.

ಫೋನು ತೀರಿಸದ ಒಂದು ಬಾಕಿ ಆ ಹಳೆಯ ಪತ್ರಿಕೆಗಳ ಕೊನೆಯ ಪುಟಗಳಲ್ಲಿತ್ತು. ‘ಮೆಲೊಡಿ ಮೇಕರ್’ 1926ರಲ್ಲಿ ಹುಟ್ಟಿದ್ದೇ ನೃತ್ಯಗೋಷ್ಠಿಗಳ ವಾದಕರಿಗಾಗಿ. ಅದರ ಹಿಂಪುಟದ ಪುಟ್ಟ ಅಕ್ಷರದ ಜಾಹೀರಾತುಗಳಲ್ಲಿ ಡ್ರಮ್ಮರ್ ಬೇಕಾಗಿದ್ದಾನೆ, ಗಿಟಾರಿನವನು ಕೆಲಸ ಹುಡುಕುತ್ತಿದ್ದಾನೆ ಎಂದೆಲ್ಲ ಇರುತ್ತಿತ್ತು. 1970ರಲ್ಲಿ ಫಿಲ್ ಕಾಲಿನ್ಸ್ ‘ಜೆನಿಸಿಸ್’ ಸೇರಿದ್ದು ಅಂಥದೊಂದನ್ನು ನೋಡಿ. ಅದಕ್ಕೂ ಮೂರು ವರ್ಷ ಮೊದಲು, 1967ರ ಜೂನಿನಲ್ಲಿ, ಎನ್ಎಂಇಯಲ್ಲಿ ಲಿಬರ್ಟಿ ಎಂಬ ರೆಕಾರ್ಡ್ ಕಂಪನಿಯ ಜಾಹೀರಾತು ಬಂದಿತ್ತು, ಹೊಸ ಪ್ರತಿಭೆಗಳು ಬೇಕೆಂದು. ಲಂಡನ್ ಹೊರವಲಯದ ರೆಜಿನಾಲ್ಡ್ ಡ್ವೈಟ್ ಎಂಬ ಇಪ್ಪತ್ತರ ಪಿಯಾನೊ ವಾದಕ ಅದಕ್ಕೆ ಅರ್ಜಿ ಹಾಕಿದ. ಲಿಂಕನ್‌ಶೈರಿನ ಹಳ್ಳಿಗಾಡಿನ ಹದಿನೇಳರ ಹುಡುಗ ಬರ್ನಿ ಟಾಪಿನ್ ಕೂಡ ಹಾಕಿದ. ಡ್ವೈಟ್ ಪರೀಕ್ಷೆಯಲ್ಲಿ ಫೇಲಾದ. ತನಗೆ ಧಾಟಿ ಕಟ್ಟಲು ಬರುತ್ತದೆ, ಸಾಹಿತ್ಯ ಬರೆಯಲು ಬರುವುದಿಲ್ಲ ಎಂದು ಒಪ್ಪಿಕೊಂಡ. ಕಂಪನಿಯ ರೇ ವಿಲಿಯಮ್ಸ್ ಮೇಜಿನ ಮೇಲಿನ ರಾಶಿಯಿಂದ ಒಂದು ಲಕೋಟೆ ಎತ್ತಿ, ಬಿಚ್ಚಿಯೂ ನೋಡದೆ, ಮುಂದೆ ಎಲ್ಟನ್ ಜಾನ್ ಆಗಲಿದ್ದವನ ಕೈಗೆ ಕೊಟ್ಟರು. ಅದರೊಳಗೆ ಟಾಪಿನ್ ಬರೆದು ಕಳಿಸಿದ್ದ ಪದ್ಯಗಳಿದ್ದವು, ಒಂದಕ್ಕೂ ಧಾಟಿ ಇರಲಿಲ್ಲ.